ಕೆಂಪು ಔಷಧಿಗೊಂದು ಕೊಬ್ಬಿನ ಕವಚ

ಕೇಳುಗರಿಗೆ ನಮಸ್ಕಾರ.

ಡಾಕ್ಸೊರುಬಿಸಿನ್ ಹಳೆಯ ಕೀಮೋ ಔಷಧಿ, ಬಣ್ಣ ಕೆಂಪು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಲ್ಲಿ ಗಟ್ಟಿಗ. ಆದರೆ ಹೃದಯದ ಸ್ನಾಯುವನ್ನೂ ಬಿಡುವುದಿಲ್ಲ. ಇದನ್ನೇ ಲೈಪೊಸೋಮ್ ಎಂಬ ನ್ಯಾನೊಕಣದೊಳಗೆ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. ಜೆರುಸಲೇಮಿನ ವಿಜ್ಞಾನಿಗಳಾದ ಬಾರೆನ್‌ಹೋಲ್ಜ್ ಮತ್ತು ಗಾಬಿಜೋನ್ ಇದಕ್ಕಾಗಿ ವರ್ಷಗಟ್ಟಲೆ ದುಡಿದವರು.

ಕಣದ ಅಳತೆ 80ರಿಂದ 100 ನ್ಯಾನೊಮೀಟರ್. ಗೋಡೆ ಫಾಸ್ಫೊಲಿಪಿಡ್ ಎಂಬ ಕೊಬ್ಬು ಮತ್ತು ಕೊಲೆಸ್ಟರಾಲ್‌ನದು. ಔಷಧಿ ತುಂಬುವ ಉಪಾಯವಂತೂ ಬಲು ಜಾಣತನದ್ದು. ಮೊದಲು ಒಳಗೆ ಅಮೋನಿಯಂ ಸಲ್ಫೇಟ್ ಉಳಿಸಿಕೊಂಡು, ಹೊರಗಿರುವುದನ್ನು ತೆಗೆದುಹಾಕುತ್ತಾರೆ. ಆಮೇಲೆ ಔಷಧಿ ಬೆರೆಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿದರೆ ಗೋಡೆ ಸಡಿಲವಾಗುತ್ತದೆ. ಅಮೋನಿಯಾ ಹೊರಗೆ ಹೋಗುತ್ತದೆ, ಔಷಧಿ ಒಳಗೆ ಬರುತ್ತದೆ. ಬಂದದ್ದು ಸಲ್ಫೇಟ್ ಜೊತೆ ಹರಳುಗಟ್ಟಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಶೇಕಡ 90ಕ್ಕಿಂತ ಹೆಚ್ಚು ಔಷಧಿ ಹೀಗೆ ಒಳಸೇರುತ್ತದೆ. ಕಣದ ಮೈಮೇಲೆ ಪೆಗ್ ಎಂಬ ಪಾಲಿಮರ್ ಎಳೆಗಳಿರುತ್ತವೆ. ಅವಿಲ್ಲದಿದ್ದರೆ ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ಕಣವನ್ನು ಬೇಗನೆ ನುಂಗಿಬಿಡುತ್ತವೆ.

ಗುರಿಯಿಟ್ಟು ಹೊಡೆಯುವ ಔಷಧಿ ಎಂದು ಇದನ್ನು ಹೊಗಳುವುದುಂಟು. ಅಷ್ಟು ಹೊಗಳಿಕೆ ಬೇಡ. ಈ ಕಣಕ್ಕೆ ಗಡ್ಡೆಯ ಗುರುತೇ ಇಲ್ಲ. ಗಡ್ಡೆಯ ರಕ್ತನಾಳಗಳಲ್ಲಿ ಸಂದುಗಳು ಹೆಚ್ಚು, ದಿನಗಟ್ಟಲೆ ರಕ್ತದಲ್ಲಿ ಸುತ್ತುವ ಕಣ ಅಲ್ಲಿ ಸೋರಿ ಉಳಿಯುತ್ತದೆ, ಅಷ್ಟೆ. ಎಲ್ಲ ಗಡ್ಡೆಗಳೂ ಒಂದೇ ಸಮ ಸೋರುವುದೂ ಇಲ್ಲ. ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ಒಂದು ವಿಶ್ಲೇಷಣೆಯ ಪ್ರಕಾರ, ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ಸೇರಿದ್ದರ ಮಧ್ಯಾಂಕ (ಅಂಕಿಗಳನ್ನು ಸಾಲಾಗಿ ಇಟ್ಟಾಗ ನಡುವೆ ಬರುವುದು) ಶೇಕಡ 0.7 ಮಾತ್ರ. ನನ್ನ ಪ್ರಕಾರ ಡಾಕ್ಸಿಲ್‌ನ ದೊಡ್ಡ ಲಾಭ ಹೃದಯದ ಹಾನಿ ತಗ್ಗಿದ್ದು. ಬೆಲೆ ತೆರುವುದು ಚರ್ಮ. ಅಂಗೈ, ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತವೆ. ಔಷಧಿ ಪಡೆದ ಮೇಲೆ ಕೆಲವು ದಿನ ಬಿಸಿನೀರು, ಬಿಗಿ ಚಪ್ಪಲಿ ದೂರವಿಡಿ.

ಇನ್ನು ಶುಶ್ರೂಷಕರಿಗೆ ಎರಡು ಮಾತು. ಅಂಡಾಶಯದ ಕ್ಯಾನ್ಸರ್‌ಗೆ ದೇಹದ ಮೇಲ್ಮೈಯ ಚದರ ಮೀಟರಿಗೆ 50 ಮಿಲಿಗ್ರಾಂ, 4 ವಾರಕ್ಕೊಮ್ಮೆ. ಒಟ್ಟು ಔಷಧಿ 90 ಮಿಲಿಗ್ರಾಂವರೆಗೆ ಇದ್ದರೆ ಬೆರೆಸಲು 250 ಮಿಲಿಲೀಟರ್ ಶೇಕಡ 5ರ ಡೆಕ್ಸ್‌ಟ್ರೋಸ್ ಸಾಕು, ಮೀರಿದರೆ 500. ಸಲೈನ್ ಬೇಡ, ಡ್ರಿಪ್ ನಳಿಕೆಗೆ ಫಿಲ್ಟರ್ ಬೇಡ. ನಿಮಿಷಕ್ಕೆ 1 ಮಿಲಿಗ್ರಾಂನಂತೆ ಶುರು ಮಾಡಿ. ಮುಖ ಕೆಂಪೇರಿ, ಎದೆ ಬಿಗಿದು, ಉಸಿರಾಟ ಕಷ್ಟವಾದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕರೆಯಿರಿ. ಮೊದಲ ಸಲವೇ ಹೀಗಾಗುವುದು ಹೆಚ್ಚು.

ಬಾಟಲಿಯ ಚೀಟಿಯನ್ನು ಎರಡು ಸಲ ಓದಿ. ಸಾದಾ ಡಾಕ್ಸೊರುಬಿಸಿನ್ ಮಬ್ಬಿಲ್ಲದ, ತಿಳಿಯಾದ ಕೆಂಪು ದ್ರಾವಣ, ಲೈಪೊಸೋಮಿನದು ಸ್ವಲ್ಪ ಮಬ್ಬು. ಒಂದರ ಬದಲು ಇನ್ನೊಂದನ್ನು ಅದೇ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವಂತಿಲ್ಲ.