ಹೆಮ್ಮೆ ಬೇರೆ, ಮನ್ನಣೆಯ ಹಸಿವು ಬೇರೆ

ಕೇಳುಗರಿಗೆ ನಮಸ್ಕಾರ.

ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಅತ್ಯುತ್ತಮ ಎಂದು ಯುನೆಸ್ಕೋ ಘೋಷಿಸಿದೆ ಎನ್ನುವ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬೇಕು. 2008ರ ಹೊತ್ತಿಗೆ ಇ-ಮೇಲ್‌ಗಳಲ್ಲಿ ಹರಿದಾಡಿದ ಸುದ್ದಿ ಅದು. ತಾನು ಅಂಥ ಘೋಷಣೆ ಮಾಡಿಲ್ಲ ಎಂದು ಯುನೆಸ್ಕೋ ಹೇಳಿಯಾಗಿದೆ. ಆದರೂ ಬಸವನಗುಡಿಯ ವಾಕಿಂಗ್ ಗೆಳೆಯರ ಗುಂಪಿನಿಂದ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಗುಂಪಿನವರೆಗೆ ಅದು ಮತ್ತೆ ಮತ್ತೆ ಸುತ್ತುತ್ತದೆ. ಮುಂದಿನ ಸಲ ಬಂದಾಗ ನಿಧಾನವಾಗಿ ಓದಿ. ಹಾಡಿನ ಸಾಲಿನ ಬಗ್ಗೆ, ರಾಗದ ಬಗ್ಗೆ ಒಂದು ಮಾತೂ ಇರುವುದಿಲ್ಲ. ಹೊರಗಿನವರು ಒತ್ತಿದ ಮುದ್ರೆಯೊಂದೇ ಅದರ ಸರಕು.

ಹಾಡನ್ನು ಪ್ರೀತಿಸುವುದು ಬೇರೆ, ಲೋಕ ಅದನ್ನು ಒಪ್ಪಲೇಬೇಕೆಂದು ತಹತಹಿಸುವುದು ಬೇರೆ. ನಮ್ಮ ಗುಂಪು ಎಲ್ಲರಿಗಿಂತ ಮೇಲು, ಆದರೆ ಸಲ್ಲಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬ ಈ ಕೊರಗನ್ನು ಕನ್ನಡದಲ್ಲಿ ಸಾಮೂಹಿಕ ಆತ್ಮರತಿ ಎನ್ನಬಹುದು. ಪೋಲೆಂಡ್ ಮೂಲದ ಮನೋವಿಜ್ಞಾನಿ ಅಗ್ನ್ಯೆಷ್ಕಾ ಗೋಲೆಟ್ಸ್ ದ ಸವಾಲ ಮತ್ತು ಸಂಗಡಿಗರು 2009ರಲ್ಲಿ ಇದಕ್ಕೊಂದು ಅಳತೆಪಟ್ಟಿ ಪ್ರಕಟಿಸಿದರು. ಅದರಲ್ಲಿ 9 ಹೇಳಿಕೆಗಳಿವೆ. ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೀರೆಂದು 1ರಿಂದ 6ರವರೆಗೆ ಅಂಕ ಕೊಡಬೇಕು. ನಮ್ಮವರ ನಿಜವಾದ ಬೆಲೆ ಬೇರೆಯವರಿಗೆ ಅರ್ಥವಾಗುವುದಿಲ್ಲ, ನಮ್ಮವರನ್ನು ಟೀಕಿಸಿದರೆ ಸಿಟ್ಟು ಬರುತ್ತದೆ ಎಂಬ ಧಾಟಿಯವು. ಒಂದು ಹೇಳಿಕೆ ಮಾತ್ರ ಉಲ್ಟಾ: ನಮ್ಮವರ ಸಾಧನೆ ಯಾರೂ ಗಮನಿಸದಿದ್ದರೂ ಬೇಸರವಿಲ್ಲ ಎಂಬುದು. ಅದರ ಅಂಕವನ್ನು ತಿರುಗಿಸಿ ಕೂಡಬೇಕು.

ಅಳೆಯುವಾಗ ಎಡವುವ ಜಾಗವೊಂದಿದೆ. ನಿಮ್ಮವರ ಬಗ್ಗೆ ಹೆಮ್ಮೆಯಿದೆಯೇ ಎಂದಷ್ಟೇ ಕೇಳಿದರೆ ಪ್ರೀತಿಸುವವನೂ ಹೌದೆನ್ನುತ್ತಾನೆ, ಕೊರಗುವವನೂ ಹೌದೆನ್ನುತ್ತಾನೆ. ಹಾಗಾಗಿ ಗುಂಪಿನ ಬಗೆಗಿನ ತೃಪ್ತಿಯನ್ನು ಇನ್ನೊಂದು ಪಟ್ಟಿಯಿಂದ ಅಳೆದು, ಲೆಕ್ಕದಲ್ಲಿ ಎರಡನ್ನೂ ಬಿಡಿಸಬೇಕು. ಬಿಡಿಸಿದಾಗ ಹೊರಗಿನವರ ಮೇಲಿನ ಹಗೆತನ ಕೊರಗಿನ ಪಾಲಿಗೆ ಬರುತ್ತದೆ, ಪ್ರೀತಿಯ ಪಾಲಿಗಲ್ಲ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ನಾಡನ್ನು ಪ್ರೀತಿಸುವವರನ್ನೆಲ್ಲ ಅನುಮಾನದಿಂದ ನೋಡುವವರೂ ಇದನ್ನು ಗಮನಿಸಬೇಕು.

ಈ ಕೊರಗಿನ ಜೊತೆ ಹೆಣೆದುಕೊಳ್ಳುವ ರಾಜಕಾರಣವೊಂದಿದೆ, ಅದು ಪಾಪ್ಯುಲಿಸಂ. ನಮ್ಮಲ್ಲಿ ಜನಪ್ರಿಯ ರಾಜಕಾರಣ ಎಂದೊಡನೆ ಉಚಿತ ಅಕ್ಕಿ, ಉಚಿತ ಬಸ್ಸು ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ರಾಜಕೀಯ ವಿಜ್ಞಾನಿ ಕಾಸ್ ಮುಡ್ಡ 2004ರಲ್ಲಿ ಕೊಟ್ಟ ವಿವರಣೆಯಂತೆ, ಸಮಾಜವನ್ನು ಶುದ್ಧ ಜನ ಮತ್ತು ಭ್ರಷ್ಟ ಗಣ್ಯರು ಎಂದು ಎರಡೇ ಹೋಳು ಮಾಡುವ ವಿಚಾರ ಅದು. ಕೊರಗಿಗೂ ಇದಕ್ಕೂ ಕೊಂಡಿ ಬೀಳುವುದು ಒಂದೇ ಪ್ರಶ್ನೆಯಲ್ಲಿ. ನಾವು ಇಷ್ಟು ದೊಡ್ಡವರಾಗಿದ್ದರೆ ಮನ್ನಣೆ ಏಕೆ ಸಿಕ್ಕಿಲ್ಲ? ನಮ್ಮಲ್ಲೇ ಏನಾದರೂ ಕೊರತೆಯಿದ್ದೀತೇ ಎಂದು ಯೋಚಿಸುವುದು ಕಷ್ಟ. ಯಾರೋ ಅಡ್ಡಗಾಲು ಹಾಕಿದ್ದಾರೆ ಎನ್ನುವುದು ಸುಲಭ. ಆ ಯಾರೋ ಎನ್ನುವಲ್ಲಿ ನಾಯಕ ಒಂದು ಹೆಸರು ತುಂಬುತ್ತಾನೆ. ಬ್ರಿಟನ್ನಿನ 2016ರ ಜನಮತಗಣನೆಯಲ್ಲಿ ಶೇ. 51.9 ಮಂದಿ ಯುರೋಪಿಯನ್ ಒಕ್ಕೂಟ ಬಿಡಬೇಕೆಂದರು. ಈ ಬಗೆಯ ಕೊರಗು ಹೆಚ್ಚಿದ್ದವರು ವಲಸಿಗರನ್ನು ಅಪಾಯವೆಂದು ಕಂಡು ಆ ಕಡೆ ವಾಲಿದ್ದರೆಂದು ಗೋಲೆಟ್ಸ್ ದ ಸವಾಲ ಅವರ ತಂಡ ಕಂಡುಕೊಂಡಿತು. ಹಾಗೆಂದು ಬಿದ್ದ ಮತಗಳಿಗೆಲ್ಲ ಇದೊಂದೇ ಕಾರಣವಲ್ಲ.

ಮನ್ನಣೆ ಕೊಟ್ಟುಬಿಟ್ಟರೆ ಕೊರಗು ಹೋಗುವುದೇ? ಹೋಗುವುದಿಲ್ಲ. ತನ್ನ ಬದುಕಿನ ಮೇಲೆ ತನಗೇ ಹಿಡಿತವಿಲ್ಲ ಎನ್ನಿಸಿದಾಗ ಅದು ಬಲಿಯುತ್ತದೆಂದು ಅಧ್ಯಯನಗಳು ಹೇಳುತ್ತವೆ. ಗಾಯ ಒಂದು ಕಡೆ, ಮುಲಾಮು ಇನ್ನೊಂದು ಕಡೆ. ಕನ್ನಡಕ್ಕೆ 8 ಜ್ಞಾನಪೀಠ ಬಂದಿದೆ, 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿತು, 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಪ್ರೀತಿಯಿಂದ ನೋಡುವವರು ಪುಸ್ತಕ ತಂದು ಓದುತ್ತಾರೆ. ಕೊರಗಿರುವವರಿಗೆ ಅದು ಎಣಿಕೆಗೆ ಸೇರಿದ ಇನ್ನೊಂದು ಅಂಕಿ.

ಹಾಗಾದರೆ ಕನ್ನಡಿಗರ ದೂರುಗಳೆಲ್ಲ ಕೊರಗೇ? ಖಂಡಿತ ಅಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡದ ಚಲನ್ ಇಲ್ಲದೆ ವಯಸ್ಸಾದ ತಾಯಿಯೊಬ್ಬರು ಪಕ್ಕದವರ ಕೈಯಲ್ಲಿ ಬರೆಸಿಕೊಳ್ಳಬೇಕಾದರೆ ಅದು ನಿಜವಾದ ಅನ್ಯಾಯ. ಅದಕ್ಕೊಂದು ವಿಳಾಸವಿದೆ, ಉತ್ತರಿಸಬೇಕಾದ ಅಧಿಕಾರಿಯಿದ್ದಾರೆ, ಚಲನ್ ಅಚ್ಚಾಗಿ ಬಂದ ದಿನ ಆ ಬೇಡಿಕೆ ಮುಗಿಯುತ್ತದೆ. ಆದ್ದರಿಂದ ವೇದಿಕೆಯ ಮೇಲಿನವರು ನಮಗಾದ ಅವಮಾನದ ಮಾತೆತ್ತಿದಾಗ ಮೂರು ವಿಷಯ ಕೇಳಿ: ಏನು ಆಗಬೇಕು, ಅದನ್ನು ಯಾರು ಮಾಡಬೇಕು, ಯಾವ ತಾರೀಖಿನೊಳಗೆ?

ನಮಸ್ಕಾರ.