ಗಿರಣಗಾಂವ್: ಖಾನಾವಳಿ ಕಡೆಯಿಂದ ಒಂದು ನೋಟ

ಎಲ್ಲರಿಗೂ ನಮಸ್ಕಾರ. ಲಾಲ್‌ಬಾಗ್, ಪರೇಲ್, ಚಿಂಚ್‌ಪೋಕ್ಲಿ, ಭಾಯಖಳಾ, ವರ್ಲಿ. ಮುಂಬೈನವರು ಈ ಇಡೀ ಸೀಮೆಯನ್ನು ಗಿರಣಗಾಂವ್, ಅಂದರೆ ಬಟ್ಟೆ ಮಿಲ್ಲುಗಳ ಊರು, ಅನ್ನುತ್ತಾರೆ. ನಾನು ಹೇಳುತ್ತಿರುವುದು ಬೆಂಗಳೂರಿನ ಲಾಲ್‌ಬಾಗ್ ಅಲ್ಲ ಮತ್ತೆ!

ಮುಂಬೈನ ಮೊದಲ ಬಟ್ಟೆ ಮಿಲ್ಲಿಗೆ ಕಾವಸ್‌ಜಿ ದಾವರ್ 1854ರಲ್ಲಿ ಕಂಪನಿ ಕಟ್ಟಿದರು. ಅದು ತಾಡದೇವ್‌ನಲ್ಲಿತ್ತು. ಆಮೇಲೆ ಮಿಲ್ಲುಗಳು ಪರೇಲ್ ಕಡೆಗೂ ಹಬ್ಬಿದವು. ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆ ಅವರ ಹೋರಾಟದಿಂದ.

ಕೊಂಕಣ, ಸಾತಾರಾ ಕಡೆಯ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬರುತ್ತಿದ್ದರು. ಚಾಳಿನ (ಸಾಲು ಕೋಣೆಗಳ ಬಾಡಿಗೆ ಕಟ್ಟಡದ) ಒಂದೇ ಖೋಲಿಯಲ್ಲಿ, ಅಂದರೆ ಕೋಣೆಯಲ್ಲಿ, ಹತ್ತಾರು ಜನ. ಒಂದು ಪಾಳಿಯವನು ಎದ್ದ ಜಾಗದಲ್ಲಿ ಇನ್ನೊಂದು ಪಾಳಿಯವನು ಮಲಗುತ್ತಿದ್ದ. ಇವರಿಗೆ ಅಡುಗೆ ಯಾರು ಮಾಡಬೇಕು? ಅಕ್ಕಪಕ್ಕದ ಹೆಂಗಸರು ತಮ್ಮ ಖೋಲಿಯಲ್ಲೇ ಒಲೆ ಹಚ್ಚಿ ಖಾನಾವಳಿ ನಡೆಸಿದರು. ಹುಬ್ಬಳ್ಳಿ ಖಾನಾವಳಿಯ ಹಾಗೆ ಬೋರ್ಡು, ಗಲ್ಲಾಪೆಟ್ಟಿಗೆ ಏನೂ ಇಲ್ಲ. ಊಟ ದಿನಾ, ಹಣ ಮಾತ್ರ ಸಂಬಳವಾದ ಮೇಲೆ. ಅಲ್ಲಿವರೆಗೆ ದಿನಸಿಗೆ ಸಾಹುಕಾರನ ಹತ್ತಿರ ಸಾಲ, ಅದಕ್ಕೆ ಬಡ್ಡಿ.

ಮುಷ್ಕರ ಬಂದರೆ? ಸಂಬಳ ನಿಲ್ಲುತ್ತದೆ, ಹೊಟ್ಟೆ ನಿಲ್ಲುವುದಿಲ್ಲವಲ್ಲ. 1970ರ ದಶಕದ ಆರಂಭದ ಮುಷ್ಕರದಲ್ಲಿ ಈ ಹೆಂಗಸರು ಉದ್ರಿ ಮೇಲೇ ಊಟ ಹಾಕಿದರು. ಇದನ್ನು ಕಣ್ಣಾರೆ ಕಂಡವರು ಪ್ರೇಮಾ ಪುರವ್. ಗೋವಾ ವಿಮೋಚನಾ ಹೋರಾಟದಲ್ಲಿದ್ದವರು, ಕಮ್ಯುನಿಸ್ಟ್ ಕಾರ್ಯಕರ್ತೆ. 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ರಾಷ್ಟ್ರೀಕೃತ ಬ್ಯಾಂಕಿನಿಂದ ಇವರಿಗೆ ನೇರವಾಗಿ ಸಾಲ ಕೊಡಿಸಿದರು. ನನ್ನ ಮಟ್ಟಿಗೆ ಗಿರಣಗಾಂವ್‌ನ ದೊಡ್ಡ ಹೆಸರುಗಳಲ್ಲಿ ಇದೂ ಒಂದು.

ಉಳಿದ ಹೆಸರುಗಳು ನಿಮಗೆ ಗೊತ್ತಿರಬಹುದು. ಅಂಬೇಡ್ಕರ್ ಪರೇಲ್‌ನ ಬಿಐಟಿ (ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್) ಚಾಳಿನ ಎರಡು ಖೋಲಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದರು. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಓದು. ಕವಿ ನಾರಾಯಣ ಸುರ್ವೆ ಅನಾಥ ಕೂಸು. ಎತ್ತಿಕೊಂಡು ಸಾಕಿ, ತನ್ನ ಹೆಸರನ್ನೇ ಕೊಟ್ಟದ್ದು ಗಂಗಾರಾಮ ಸುರ್ವೆ ಎಂಬ ಮಿಲ್ ಕಾರ್ಮಿಕ. ಒಂದು ಹೊಟ್ಟೆ ತುಂಬುವುದೇ ಕಷ್ಟವಾಗಿದ್ದ ಕಾಲದಲ್ಲಿ ಇದು ಸುಮ್ನೆ ಮಾತಲ್ಲ. ಅಣ್ಣಾಭಾವು ಸಾಠೆ, ಅಮರ್ ಶೇಖ್ ಲಾವಣಿ, ಪೋವಾಡ (ವೀರಗಾಥೆಯ ಹಾಡು) ಹಾಡಿ ಇಲ್ಲಿನ ಮೈದಾನಗಳಲ್ಲಿ ಜನ ಸೇರಿಸುತ್ತಿದ್ದರು.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ಆ ಮುಷ್ಕರ ಮುಗಿಯಿತು ಎಂದು ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ. ಸಾವಿರಾರು ಜನ ಊರಿಗೆ ವಾಪಸ್ ಹೋದರು. ಉಣ್ಣುವವರೇ ಇಲ್ಲದ ಮೇಲೆ ಖಾನಾವಳಿ ಯಾರಿಗಾಗಿ? ಫೀನಿಕ್ಸ್ ಮಿಲ್ ಈಗ ಮಾಲ್, ಕಮಲಾ ಮಿಲ್ ಆಫೀಸು, ಹೋಟೆಲುಗಳ ಜಾಗ.

ಹಳೆಯ ಕಾರ್ಮಿಕರಿಗೆ ಸರ್ಕಾರ ಲಾಟರಿ ಎತ್ತಿ ಮನೆ ಕೊಡುತ್ತಿದೆ. ಅದಕ್ಕೆ ಮಿಲ್ಲಿನಲ್ಲಿ ಕೆಲಸ ಮಾಡಿದ ದಾಖಲೆ ಬೇಕು. ಅವರಿಗೆ ಉದ್ರಿ ಊಟ ಹಾಕಿದ ಹೆಂಗಸರ ಹೆಸರು ಯಾವ ಮಿಲ್ಲಿನ ಹಾಜರಿ ಪುಸ್ತಕದಲ್ಲಿರುತ್ತದೆ, ಹೇಳಿ?