ರಜೆಯ ಪಾರ್ಟಿಗಳಲ್ಲಿ ತೂಕ ಏರುವುದು ನಿಜವಾಗಿ ಎಲ್ಲಿ?

ನಮಸ್ಕಾರ. ರಾತ್ರಿ ಪಾರ್ಟಿ ಮುಗಿಸಿ ಬಂದಿದ್ದೀರಿ. ಬೆಳಿಗ್ಗೆ ತೂಕ ನೋಡಿದರೆ ನಿನ್ನೆಗಿಂತ ಒಂದೂವರೆ ಕಿಲೋ ಜಾಸ್ತಿ! ಎದೆ ಧಸಕ್ ಅನ್ನುತ್ತದೆ, ಅಲ್ವಾ? ಗಾಬರಿ ಬೇಡ, ಅದರಲ್ಲಿ ಕೊಬ್ಬು ತುಂಬಾ ಕಡಿಮೆ.

[ಸ್ಕ್ರೀನ್ ಮೇಲೆ: 1 ಕಿಲೋ ಕೊಬ್ಬು = ಸುಮಾರು 7,700 ಕ್ಯಾಲೊರಿ]

ಒಂದು ಕಿಲೋ ಕೊಬ್ಬು ಮೈಗೆ ಸೇರಬೇಕಾದರೆ, ದೇಹ ಖರ್ಚು ಮಾಡುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ದಿನಕ್ಕೆ 2,000 ಕ್ಯಾಲೊರಿ ಸಾಕಾಗುವವರಿಗೆ ಇದು ಹೆಚ್ಚು ಕಡಿಮೆ ನಾಲ್ಕು ದಿನದ ಊಟ. ಅಷ್ಟನ್ನೂ ಒಂದೇ ರಾತ್ರಿ ಮುಗಿಸುವುದು ಎಂಥ ಹೊಟ್ಟೆಬಾಕರಿಗೂ ಕಷ್ಟ.

ಹಾಗಾದರೆ ಆ ಒಂದೂವರೆ ಕಿಲೋ ಏನು? ಬಹುಪಾಲು ನೀರು. ಉಪ್ಪು ಜಾಸ್ತಿ ಆದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಸಿಹಿ, ಪಿಷ್ಟ ಜಾಸ್ತಿ ತಿಂದಾಗ ಅದರಲ್ಲಿ ಒಂದು ಪಾಲು ಗ್ಲೈಕೋಜೆನ್ ಆಗಿ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಕೊಳ್ಳುತ್ತದೆ. ಒಂದೊಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಇನ್ನೂ ಜೀರ್ಣವಾಗದ ಊಟದ ಭಾರ ಬೇರೆ. ಎರಡು ಮೂರು ದಿನ ಮಾಮೂಲಿ ಊಟ ಮಾಡಿದರೆ ಇದೆಲ್ಲ ತಾನಾಗಿ ಇಳಿಯುತ್ತದೆ.

ಹಾಗಂತ ನಿರಾಳವಾಗಿ ಕೂರುವ ಹಾಗೂ ಇಲ್ಲ. ಅಮೆರಿಕದಲ್ಲಿ 195 ವಯಸ್ಕರ ತೂಕವನ್ನು ತಿಂಗಳುಗಟ್ಟಲೆ ಗಮನಿಸಿದ ಒಂದು ಅಧ್ಯಯನ 2000ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ವರ್ಷದ ಕೊನೆಯ ರಜೆಯ ವಾರಗಳಲ್ಲಿ ಏರಿದ ತೂಕ ಸರಾಸರಿ 370 ಗ್ರಾಂ, ಅಷ್ಟೇ. ಜನ ಮಾತ್ರ ತಾವು ಅದಕ್ಕಿಂತ ಎಷ್ಟೋ ಜಾಸ್ತಿ ದಪ್ಪ ಆಗಿದ್ದೇವೆ ಅಂದುಕೊಂಡಿದ್ದರು! ಆದರೆ ತೊಂದರೆ ಇರುವುದು ಮುಂದೆ. ರಜೆ ಕಳೆದು ತಿಂಗಳುಗಳಾದರೂ ಆ ತೂಕ ಇಳಿಯಲಿಲ್ಲ. ಹತ್ತು ವರ್ಷ ಹೀಗೇ ಕೂಡುತ್ತಾ ಹೋದರೆ ಮೂರೂವರೆ ಕಿಲೋ ದಾಟುತ್ತದೆ. ಹಾಗಾಗಿ ಒಂದು ಸಂಜೆಯ ಊಟಕ್ಕಿಂತ, ವಾರಗಟ್ಟಲೆ "ಇರ್ಲಿ ಬಿಡು" ಅನ್ನುತ್ತಾ ಹೋಗುವುದರ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ.

[ದೃಶ್ಯ: ಬಫೆ ಮೇಜು, ಪಕ್ಕದಲ್ಲಿ ಹರಟುತ್ತಿರುವ ಇಬ್ಬರು]

ಈಗ ಪಾರ್ಟಿಗೆ ಬನ್ನಿ. ಮೇಜಿನ ಪಕ್ಕ ನಿಂತಿರುವ ಇವರನ್ನು ನೋಡಿ. ಒಂದು ಕೈಯಲ್ಲಿ ಗ್ಲಾಸ್. ಇನ್ನೊಂದು ಕೈ ಹುರಿದ ಗೋಡಂಬಿಯ ಬಟ್ಟಲಿಗೆ ಹೋಗುತ್ತದೆ, ಬಾಯಿಗೆ ಬರುತ್ತದೆ, ಮತ್ತೆ ಬಟ್ಟಲಿಗೆ. ಕಣ್ಣು ಮಾತ್ರ ಎದುರಿನವರ ಮುಖದ ಮೇಲೆ. ಮಾತು ಮುಗಿಯುವಷ್ಟರಲ್ಲಿ ಬಟ್ಟಲಿನ ತಳ ಕಾಣುತ್ತಿದೆ. "ಏನು ತಿಂದ್ರಿ?" ಅಂತ ಕೇಳಿದರೆ "ಇನ್ನೂ ಊಟ ಆಗಿಲ್ಲ" ಅನ್ನುತ್ತಾರೆ. ಸುಳ್ಳಲ್ಲ, ಪಾಪ. ತಿಂದದ್ದು ಅವರ ಗಮನಕ್ಕೇ ಬಂದಿಲ್ಲ. ನೂರು ಗ್ರಾಂ ಗೋಡಂಬಿ ಅಂದರೆ 550 ಕ್ಯಾಲೊರಿಗೂ ಮೇಲೆ. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ನಿಂತು ಹರಟಿ. ಕೈಗೆ ಸಿಗದಿದ್ದರೆ ಸಾಕು, ಮನಸ್ಸು ಗಟ್ಟಿ ಮಾಡಿಕೊಳ್ಳುವ ಕಷ್ಟವೇ ಇಲ್ಲ.

ಬಫೆಗೆ ಇನ್ನೊಂದು ಗುಟ್ಟಿದೆ. ಹೊಟ್ಟೆ ಬಿರಿಯುವಷ್ಟು ಉಂಡವರಿಗೂ ಸಿಹಿ ಬಂದ ಕೂಡಲೇ ಜಾಗ ಆಗುತ್ತದೆ, ನೋಡಿದ್ದೀರಲ್ಲ? ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿ ಮತ್ತವರ ಜೊತೆಗಾರರು 1980ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಂದು ರುಚಿ ತಿನ್ನುತ್ತಾ ಹೋದಂತೆ ಆ ರುಚಿಯ ಮೇಲಿನ ಆಸೆ ಇಳಿಯುತ್ತದೆ, ಬೇರೆ ರುಚಿಯ ಮೇಲಿನದು ಅಷ್ಟಾಗಿ ಇಳಿಯುವುದಿಲ್ಲ. ಮೇಜಿನ ಮೇಲೆ ಹದಿನೈದು ಬಗೆ ಇದ್ದರೆ ಪ್ರತಿ ಬಗೆಗೂ ನಾಲಿಗೆ ಹೊಸದಾಗಿ ಶುರು ಮಾಡುತ್ತದೆ.

ಅದಕ್ಕೇ ತಟ್ಟೆ ಹಿಡಿಯುವ ಮೊದಲು ಬರಿಗೈಯಲ್ಲಿ ಒಂದು ಸುತ್ತು ಹಾಕಿ. ಏನೇನಿದೆ ನೋಡಿ. ಯಾವಾಗ ಬೇಕಾದರೂ ಸಿಗುವ ಚಿಪ್ಸ್, ಬ್ರೆಡ್ಡು ಬಿಟ್ಟುಬಿಡಿ. ಇವತ್ತು ಮಾತ್ರ ಸಿಗುವ, ನಿಮಗೆ ಪ್ರಾಣವಾದ ಮೂರೋ ನಾಲ್ಕೋ ಬಗೆ ಆರಿಸಿ. ಜೊತೆಗೆ ತರಕಾರಿ ಇದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ಎಲ್ಲಾದರೂ ಕುಳಿತು, ನಿಧಾನಕ್ಕೆ, ಖುಷಿಯಾಗಿ ತಿನ್ನಿ. ಇಷ್ಟದ ಸಿಹಿ ಬಿಟ್ಟು ಸೌತೆಕಾಯಿ ಕಡಿಯುತ್ತಾ ಕೂರಿ ಅಂತ ನಾನು ಹೇಳುವುದಿಲ್ಲ. ಹಾಗೆ ಮಾಡಿದವರು ಮನೆಗೆ ಬಂದು ಫ್ರಿಜ್ ತೆರೆಯುತ್ತಾರೆ.

ಕುಡಿಯುವುದರ ಲೆಕ್ಕವೂ ಹೀಗೇ ತಪ್ಪುತ್ತದೆ. 330 ಎಂಎಲ್ ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ 140 ಕ್ಯಾಲೊರಿ. ಹೊಟ್ಟೆ ತುಂಬಿದ ಅನುಭವ ಮಾತ್ರ ಇಲ್ಲ. ಮದ್ಯದಲ್ಲಿ ಗ್ರಾಂಗೆ 7 ಕ್ಯಾಲೊರಿ, ಕೊಬ್ಬಿನಲ್ಲಿ 9. ದೊಡ್ಡ ವ್ಯತ್ಯಾಸ ಏನಲ್ಲ. ಎರಡು ಗ್ಲಾಸ್ ಇಳಿದ ಮೇಲೆ "ಸಾಕು" ಅನ್ನುವ ಬುದ್ಧಿಯೂ ಸಡಿಲ ಆಗುತ್ತದೆ. ಒಂದು ಗ್ಲಾಸ್ ಆದ ಮೇಲೆ ಒಂದು ಗ್ಲಾಸ್ ನೀರು ಕುಡಿಯಿರಿ.

ರಾತ್ರಿ ಪಾರ್ಟಿ ಇದೆ ಅಂತ ಮಧ್ಯಾಹ್ನದ ಊಟ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಹಸಿದು ಹೋದರೆ ಮೊದಲು ಕಂಡ ಕರಿದ ತಿಂಡಿಯ ಮೇಲೆ ಬೀಳುತ್ತೇವೆ. ಹೊರಡುವ ಮೊದಲು ಒಂದು ಮೊಟ್ಟೆಯೋ, ಒಂದು ಬಟ್ಟಲು ಮೊಸರೋ, ಬೇಯಿಸಿದ ಕಾಳೋ ತಿಂದಿರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಡುವ ಸಾಹಸ ಮಾಡಲೇಬೇಡಿ. ಕೆಲವು ಔಷಧಿಗಳಿಂದ ರಕ್ತದ ಸಕ್ಕರೆ ತೀರಾ ಕೆಳಗೆ ಹೋಗಬಹುದು.

ಇನ್ನು ಬಲವಂತ ಮಾಡುವವರು. "ನಾನು ಡಯಟ್‌ನಲ್ಲಿದ್ದೀನಿ" ಅನ್ನಬೇಡಿ. ಚರ್ಚೆ ಅಲ್ಲಿಂದಲೇ ಶುರು, ಕೊನೆಗೆ ಗೆಲ್ಲುವುದು ಅವರೇ. ತಟ್ಟೆಯಲ್ಲಿ ಒಂದು ತುತ್ತು ಉಳಿಸಿಕೊಂಡು "ತುಂಬಾ ಚೆನ್ನಾಗಿದೆ, ಇದು ಮುಗಿಸಿ ಹಾಕಿಸ್ಕೊತೀನಿ" ಅನ್ನಿ. ಖಾಲಿ ತಟ್ಟೆ ಕಂಡರೆ ತಾನೇ ಬಡಿಸುವವರು ಬರುವುದು? ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆಯ ಉಪಾಯ ಇದ್ದರೆ ಕಾಮೆಂಟ್‌ನಲ್ಲಿ ಬರೆಯಿರಿ, ನನಗೂ ಬೇಕು.

ಹೊರಡುವಾಗ ಕೈಗೆ ಡಬ್ಬಿ ಕೊಡುತ್ತಾರಲ್ಲ, ಹುಷಾರ್. ಒಂದು ರಾತ್ರಿಯ ಪಾರ್ಟಿ ನಾಲ್ಕು ದಿನ ಆಗುವುದು ಅದರಿಂದಲೇ. ಮರುದಿನವೇ ಯಾರಿಗಾದರೂ ಹಂಚಿಬಿಡಿ.

[ಸ್ಕ್ರೀನ್ ಮೇಲೆ: ವಾರಕ್ಕೆ ಎರಡು ಸಲ ತೂಕ]

ಕೊನೆಯದಾಗಿ, 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಬರ್ಮಿಂಗ್‌ಹ್ಯಾಮ್‌ನ ಒಂದು ಪ್ರಯೋಗ. 272 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕ್ರಿಸ್‌ಮಸ್ ಸಮಯದಲ್ಲಿ ವಾರಕ್ಕೆ ಕನಿಷ್ಠ ಎರಡು ಸಲ ತೂಕ ನೋಡಿಕೊಳ್ಳಲು ಹೇಳಿ, ಕೆಲವು ಸರಳ ಸಲಹೆ ಕೊಟ್ಟರು. ಯಾವ ತಿಂಡಿ ಕರಗಿಸಲು ಎಷ್ಟು ಹೊತ್ತು ನಡೆಯಬೇಕು ಅಂತ ಒಂದು ಪಟ್ಟಿಯನ್ನೂ ಕೊಟ್ಟರು. ಇನ್ನೊಂದು ಗುಂಪಿಗೆ ಸುಮ್ನೆ ಒಂದು ಕರಪತ್ರ. ಕೊನೆಗೆ ಎರಡು ಗುಂಪಿನ ನಡುವೆ ಬಂದ ವ್ಯತ್ಯಾಸ ಸುಮಾರು ಅರ್ಧ ಕಿಲೋ. ಕಡಿಮೆ ಅನ್ನಿಸಿತಾ? ಆಗಲೇ ನೋಡಿದ 370 ಗ್ರಾಂಗಿಂತ ಇದು ಜಾಸ್ತಿ.

ತೂಕ ನೋಡುವುದಾದರೆ ಪಾರ್ಟಿಯ ಮರುದಿನ ಬೇಡ, ಒಂದೆರಡು ದಿನ ಬಿಟ್ಟು, ಬೆಳಿಗ್ಗೆ ಏನೂ ತಿನ್ನುವ ಮೊದಲು ನೋಡಿ. ಆ ಅಂಕಿ ಕಂಡರೇ ಆತಂಕ ಆಗುತ್ತದೆ ಅನ್ನುವವರು ಯಂತ್ರದ ಸಹವಾಸಕ್ಕೇ ಹೋಗಬೇಡಿ. ಪ್ಯಾಂಟಿನ ಗುಂಡಿ ಮೊದಲಿನ ಹಾಗೆ ಬೀಳುತ್ತಿದೆಯಾ ಅಂತ ವಾರಕ್ಕೊಮ್ಮೆ ನೋಡಿಕೊಂಡರೆ ಸಾಕು.